ಹದಿನೇಳರ ಮಗ್ಗಿ

ನಮ್ಮೂರಿಗೆ ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಜಾತಕವನ್ನಲ್ಲ. "ನಿಮ್ಮ ಹುಡುಗಿಗೆ ಯಾವುದು ಬಂದಿತ್ತು?" ಎಂದು ಕೇಳುತ್ತಾರೆ. ಉಡ ಬಂದಿತ್ತು ಅಂದರೆ ಗಟ್ಟಿಗಿತ್ತಿ, ಹಿಡಿದ ಕೆಲಸ ಬಿಡುವವಳಲ್ಲ ಅಂತ ಲೆಕ್ಕ. ಚಿಟ್ಟೆ ಅಂದರೆ ಅತ್ತೆಯಾಗುವವಳು ಸ್ವಲ್ಪ ಮುಖ ಸಿಂಡರಿಸುತ್ತಾಳೆ. ಗೂಬೆ ಬಂದವಳೊಬ್ಬಳಿದ್ದಳು, ಇವಳಿಗಿನ್ನು ಈ ಜನ್ಮದಲ್ಲಿ ಮದುವೆಯಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದರು, ಯಾವುದೋ ಊರಿನ ರಾತ್ರಿ ಪಾಳಿಯ ಪೊಲೀಸನೊಬ್ಬ ಮೆಚ್ಚಿ ಕಟ್ಟಿಕೊಂಡು ಹೋದ. ನನಗೆ ಬಂದದ್ದು ಆಮೆ. ಅಪ್ಪ ಅಮ್ಮ ಇಟ್ಟ ಹೆಸರು ಮಂಜುಳಾಕ್ಷಿ, ಊರು ಇಟ್ಟ ಹೆಸರು ಆಮೆ ಟೀಚರ್. ಬೆನ್ನ ಹಿಂದೆ ಆಡಿಕೊಳ್ಳುವುದೇನಿಲ್ಲ, ಎದುರಿಗೇ ಕರೆಯುತ್ತಾರೆ.

ಏಳನೇ ಕ್ಲಾಸು ಮುಗಿಸಿದ ಮಕ್ಕಳು ಬೇಸಿಗೆ ಬಲಿಯುವ ಮುಂಚೆ ಕೆರೆಯಂಗಳದಲ್ಲಿ ಕೂರಬೇಕು. ನಾನು ಒಲೆಯ ಬೂದಿಯಿಂದ ನೆಲದ ಮೇಲೆ ದುಂಡಗೆ ಗೆರೆ ಎಳೆಯುತ್ತೇನೆ. ಮಗು ಅದರೊಳಗೆ ಚಕ್ಕಳಮಕ್ಕಳ ಹಾಕಿ ಕೂರುತ್ತದೆ. ಆಮೇಲೆ ಜನ ಸಾಕದ, ಜನ ಕರೆಯದ ಒಂದು ಜೀವ ತಾನಾಗಿ ಬಂದು ಗೆರೆಯೊಳಗೆ ಮಗುವಿನ ಪಕ್ಕ ಕೂರುತ್ತದೆ. ಅದು ಕೂತ ಕೂಡಲೇ ಸುತ್ತ ನಿಂತ ಮಕ್ಕಳು ಹದಿನೇಳರ ಮಗ್ಗಿ ಹೇಳುತ್ತಾರೆ. ಕೊನೆಯ ಸಾಲಿಗೆ ನಾನು ಕೈಗಂಟೆ ಬಾರಿಸುತ್ತೇನೆ. ಗಂಟೆ ಬಾರಿಸಿದ್ದೇ ತಡ, ಬಂದ ಜೀವ ಎದ್ದು ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಮಗು ಪಾಸು. ಗಂಟೆಗೆ ಮುಂಚೆ ಮಗು ಎದ್ದರೆ ಇಲ್ಲವೆ ಬಂದದ್ದನ್ನು ತಾನಾಗಿ ಕೈಚಾಚಿ ಮುಟ್ಟಿದರೆ ಫೇಲು. ಮಗ್ಗಿ ತಪ್ಪಿದರೆ ಮತ್ತೆ ಮೊದಲಿನಿಂದ. ಹದಿನೇಳರದ್ದೇ ಯಾಕೆ ಅಂದರೆ, ಅದರಷ್ಟು ಎಡವಿಸುವ ಮಗ್ಗಿ ಇನ್ನೊಂದಿಲ್ಲ. ಹಿಂದಿನವರು ಏನೇ ಆಗಿರಲಿ, ಆ ವಿಷಯದಲ್ಲಿ ಪಕ್ಕಾ ಮೇಷ್ಟ್ರುಗಳು.

ಕೂರುವುದಕ್ಕೆ ಎರಡೇ ಅವಕಾಶ. ಎರಡನೇ ವರ್ಷವೂ ಫೇಲಾದವರನ್ನು ಬಸ್ಸಿನ ದಾರಿಯ ಹೈಸ್ಕೂಲು ಸೇರಿಸಿಕೊಳ್ಳುವುದಿಲ್ಲ. ಅಂಥವರಿಗೆ ನಮ್ಮೂರಲ್ಲಿ ಇರುವುದು ಒಂದೇ ಬಾಗಿಲು, ಬಣ್ಣದ ಮನೆ.

ಬಣ್ಣದ ಮನೆ ಅಂದರೆ ನೂಲಿಗೆ ಬಣ್ಣ ಹಾಕುವ ಜಾಗ. ಸಾಲಾಗಿ ಬಾನಿಗಳು, ಬಾನಿಗಳಲ್ಲಿ ಕುದಿಯುವ ಬಣ್ಣ, ಲಡಿ ಲಡಿಯಾಗಿ ನೂಲನ್ನು ಅದ್ದಿ ಎತ್ತುವ ಹೆಂಗಸರು. ಮಿಕ್ಕ ನೀರು ಕೊಳವೆಯಲ್ಲಿ ಕೆರೆಗೆ. ಮದುವೆ ತಿಂಗಳಲ್ಲಿ ಕೆರೆ ಕೆಂಪಗಿರುತ್ತದೆ, ಶ್ರಾವಣಕ್ಕೆ ಹಸಿರು. ಕೆರೆಯ ಬಣ್ಣ ನೋಡಿ ನಮ್ಮ ಹೆಂಗಸರು ಈ ಸಲ ಪೇಟೆಯಲ್ಲಿ ಯಾವ ಸೀರೆ ಓಡುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಗಾಳಿ ಬೀಸಿದರೆ ನೊರೆ ಎದ್ದು ಬೀದಿಗೆ ಬರುತ್ತಿತ್ತು. ಒಣಹಾಕಿದ ಹಪ್ಪಳಕ್ಕೆ ನೊರೆ ತಾಗದಂತೆ ಮುಚ್ಚುವ ಬಲೆಗಳು ಸಂತೆಯಲ್ಲಿ ಮಾರಾಟಕ್ಕೆ ಬಂದವು. ಜನ ಯಾವುದಕ್ಕೆ ತಾನೇ ಹೊಂದಿಕೊಳ್ಳುವುದಿಲ್ಲ ಹೇಳಿ!

ಬಣ್ಣದ ಮನೆಯ ಸಾಹುಕಾರರು ಮುರಿಗೆಪ್ಪ. ಶಾಲೆಗೆ ಹೆಂಚು ಹೊದಿಸಿದವರು ಅವರು, ಬೆಂಚು ಕೊಟ್ಟವರು ಅವರು, ಪರೀಕ್ಷೆ ಕಮಿಟಿಯ ಅಧ್ಯಕ್ಷರೂ ಅವರೇ. ಕೆಟ್ಟವರು ಅಂತ ಹೇಳಿದರೆ ನನ್ನ ನಾಲಗೆಗೆ ಹುಳ ಬೀಳುತ್ತದೆ. ಅವರು ಹುಡುಗನಾಗಿದ್ದಾಗ ಗೆರೆಯೊಳಗೆ ಬಂದು ಕೂತದ್ದು ಮಿಂಚುಳ್ಳಿ. ಮಿಂಚುಳ್ಳಿ ಮುರಿಗೆಪ್ಪ ಎಂದರೆ ಈಗಲೂ ಅವರ ಮುಖ ಅರಳುತ್ತದೆ. ಅದರ ಬೆನ್ನಿನ ನೀಲಿಯನ್ನೇ ನೆನಪಿಟ್ಟುಕೊಂಡು ಒಂದು ಬಣ್ಣ ಕುದಿಸಿದ್ದಾರೆ. ಆ ನೀಲಿ ಸೀರೆಗೆ ಎಲ್ಲೆಲ್ಲಿಂದಲೋ ಬೇಡಿಕೆ ಬರುತ್ತದೆ. ಮಿಂಚುಳ್ಳಿ ಮಾತ್ರ ಊರಿಗೆ ಬರುವುದನ್ನು ಬಿಟ್ಟು ಕಾಲವಾಯಿತು.

ಮಿಂಚುಳ್ಳಿಯ ಹಿಂದೆ ಕಪ್ಪೆ ಹೋಯಿತು, ಏಡಿ ಹೋಯಿತು, ಟಿಟ್ಟಿಭ ಹೋಯಿತು. ಮಕ್ಕಳು ಗೆರೆಯೊಳಗೆ ಕೂತೇ ಇರುವರು, ಬಿಸಿಲು ನೆತ್ತಿಗೇರುವುದು, ಏನೂ ಬರದು. ತಾಯಂದಿರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಮಕ್ಕಳನ್ನು ಎಬ್ಬಿಸಿಕೊಂಡು ಹೋಗುವರು. ಹೀಗೆ ಒಂದು ವರ್ಷ ಮುಕ್ಕಾಲು ಕ್ಲಾಸು ಫೇಲಾದಾಗ ಗಲಾಟೆಯೆದ್ದು ಕಮಿಟಿ ಸೇರಿತು.

"ನೊಣಾನೂ ಜೀವವೇ ಅಲ್ವೇನ್ರಿ ಟೀಚರಮ್ಮನೋರೆ?" ಎಂದರು ಮುರಿಗೆಪ್ಪ. "ಅದನ್ನ ಯಾರೂ ಸಾಕಿಲ್ಲ, ಯಾರೂ ಕರ್ದಿಲ್ಲ. ತಾನಾಗೇ ಬರ್ತೈತೆ."

"ನೊಣ ಮಗೂನ ನೋಡಕ್ಕೆ ಬರಲ್ಲ ಮುರಿಗೆಪ್ಪನೋರೆ, ಬೆಲ್ಲ ನೋಡಕ್ಕೆ ಬರುತ್ತೆ" ಎಂದೆ ನಾನು.

ಕಮಿಟಿಯವರೆಲ್ಲ ಗೊಳ್ಳೆಂದು ನಕ್ಕರು. ನಗುತ್ತಲೇ ಕೈ ಎತ್ತಿದರು. ಕೈ ಎತ್ತದವಳು ನಾನೊಬ್ಬಳು. ಒಂದು ಕೈಯಿಂದ ಏನು ಚಪ್ಪಾಳೆ ಬರುತ್ತದೆ? ನೊಣ ಪಾಸಾಯಿತು.

ಅಲ್ಲಿಂದಾಚೆ ಅಂಗಡಿಗಳಲ್ಲಿ ಪರೀಕ್ಷೆ ಬೆಲ್ಲ ಅಂತಲೇ ಬೇರೆ ಅಚ್ಚು ಬಂತು. ಅಂಗೈಗೆ ಎಷ್ಟು ಸವರಬೇಕು, ಅಲುಗಾಡದೆ ಹೇಗೆ ಕೂರಬೇಕು ಎಂದು ಸಂಜೆ ಟ್ಯೂಷನ್ ಹೇಳುವವರು ಹುಟ್ಟಿಕೊಂಡರು. ಎಲ್ಲ ಮಕ್ಕಳೂ ಪಾಸು. ಆದರೆ ಅಡ್ಡಹೆಸರು ಹಿಡಿದು ಕರೆಯುವ ರೂಢಿ ನಿಂತುಹೋಯಿತು. ಎಲ್ಲರಿಗೂ ನೊಣವೇ ಆದಮೇಲೆ ಯಾರನ್ನು ಏನೆಂದು ಕರೆಯುವುದು? ಹೆಣ್ಣು ನೋಡಲು ಬಂದವರೂ ಆ ವಯಸ್ಸಿನ ಹುಡುಗಿಯರ ಮನೆಯಲ್ಲಿ ಆ ಪ್ರಶ್ನೆಯನ್ನು ನುಂಗಿಕೊಂಡು ಕಾಫಿ ಕುಡಿಯುತ್ತಿದ್ದರು.

ಆ ವರ್ಷಗಳಲ್ಲೇ ನನ್ನ ಕ್ಲಾಸಿಗೆ ಬಂದವಳು ಬನಶಂಕರಿ. ಬಣ್ಣದ ಮನೆಯಲ್ಲಿ ನೀರು ಬಿಡುವ ಓಂಕಾರಮ್ಮನ ಒಬ್ಬಳೇ ಮಗಳು. ಅಪ್ಪ ಇಲ್ಲ. ಓಂಕಾರಮ್ಮನ ಕೈ ಮೊಣಕೈಯವರೆಗೂ ನೀಲಿ, ಉಜ್ಜಿದರೂ ಹೋಗದ ನೀಲಿ. ಆ ಕೈಯಲ್ಲೇ ಮಗಳಿಗೆ ಜಡೆ ಹೆಣೆದು, "ಟೀಚರಮ್ಮ, ಇವ್ಳ ಕೈ ಮಾತ್ರ ಬೆಳ್ಳಗಿರ್ಬೇಕು ಕಣ್ರೀ, ಅಷ್ಟು ಮಾಡ್ಕೊಡಿ" ಎಂದು ಶಾಲೆಗೆ ಬಿಟ್ಟುಹೋಗಿದ್ದಳು. ಓದಿನಲ್ಲಿ ಹುಡುಗಿ ಚುರುಕು. ಆದರೆ ಮೊಂಡಿ. ಪರಿಸರದ ಪಾಠದಲ್ಲಿ ಕೆರೆಯ ಚಿತ್ರಕ್ಕೆ ಬಣ್ಣ ತುಂಬಿ ಅಂದೆ ಒಮ್ಮೆ. ಎಲ್ಲರೂ ನೀಲಿ ಹಚ್ಚಿದರು. ಇವಳು ಕಿಟಕಿಯಾಚೆ ನೋಡಿ ನೋಡಿ ನೇರಳೆ ಹಚ್ಚಿದಳು, ಅವತ್ತು ಬಾನಿಯಲ್ಲಿ ನೇರಳೆ ಇತ್ತು.

"ಪರೀಕ್ಷೇಲಿ ನೀಲಿ ಹಚ್ಚಬೇಕು ಕಣಮ್ಮ" ಎಂದೆ.

"ಅದು ಯಾವೂರಿನ ಕೆರೆ ಟೀಚರ್?" ಎಂದಳು.

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಮನೆಗೆ ಹೋಗಿ ಅನ್ನ ಬಸಿಯುವಾಗ ಯೋಚನೆ ಹತ್ತಿತು. ಜೀವಿಗಳು ಎಷ್ಟು ವಿಧ, ನೀರಿನ ಉಪಯೋಗಗಳು ಯಾವುವು, ಬಿಟ್ಟ ಸ್ಥಳ ತುಂಬಿ. ಇಷ್ಟು ವರ್ಷ ಇದನ್ನೇ ಹೇಳಿಕೊಟ್ಟೆನಲ್ಲ! ನನ್ನ ಮಕ್ಕಳು ಪುಸ್ತಕದಲ್ಲಿ ಬಿಟ್ಟ ಸ್ಥಳವನ್ನೆಲ್ಲ ತಪ್ಪಿಲ್ಲದೆ ತುಂಬಿದರು, ಕೆರೆಯಲ್ಲಿ ಮಾತ್ರ ಒಂದೊಂದೇ ಸ್ಥಳ ಖಾಲಿಯಾಗುತ್ತಾ ಬಂತು. ಅದಕ್ಕೂ ಇದಕ್ಕೂ ಸಂಬಂಧ ಹಾಕುವ ಪಾಠ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಹೋದ ವರ್ಷ ಬನಶಂಕರಿ ಗೆರೆಯೊಳಗೆ ಕೂತಳು. ಅಂಗೈಗೆ ಬೆಲ್ಲ ಸವರಿಕೊಳ್ಳಲಿಲ್ಲ. ಸವರಲು ಬಂದ ಅವ್ವನ ಕೈಯನ್ನು ತಳ್ಳಿದಳಂತೆ. ಏನೂ ಬರಲಿಲ್ಲ. ಸಂಜೆಯವರೆಗೆ ಕಾದು ನಾನೇ ಎಬ್ಬಿಸಿದೆ. ಓಂಕಾರಮ್ಮ ಅವತ್ತು ಮಗಳನ್ನು ಬೀದಿಯಲ್ಲೇ ಬಡಿದಳು, ಆಮೇಲೆ ಅವಳನ್ನೇ ತಬ್ಬಿಕೊಂಡು ಗೋಳೋ ಎಂದು ಅತ್ತಳು.

ಈ ವರ್ಷದ ಪರೀಕ್ಷೆ ಅವಳಿಗೆ ಕೊನೆಯದು. ಬೆಳಿಗ್ಗೆ ಕೆರೆಯಂಗಳಕ್ಕೆ ಹೋದಾಗ ಓಂಕಾರಮ್ಮ ಆಗಲೇ ಬಂದು ನಿಂತಿದ್ದಳು, ಸೆರಗಿನ ಗಂಟಿನಲ್ಲಿ ಬೆಲ್ಲ. "ನೀವಾದ್ರೂ ಹೇಳಿ ಟೀಚರಮ್ಮ. ಒಂಚೂರು ಸವರ್ಕೊಂಡ್ರೆ ಇವ್ಳ ಗಂಟೇನ್ ಹೋಗ್ತದೆ? ನಾಳೆ ಬಾನಿ ಮುಂದೆ ನಿಂತಾಗ ಗೊತ್ತಾಗ್ತದೆ ಇವ್ಳಿಗೆ."

ನಾನು ಬನಶಂಕರಿಯ ಮುಖ ನೋಡಿದೆ. "ಬೇಡ ಟೀಚರ್" ಎಂದಳು, ಅಷ್ಟೇ. ಅವಳ ತುಟಿ ಒಣಗಿತ್ತು. ಭಯವಿಲ್ಲದ ಹುಡುಗಿಯೇನಲ್ಲ ಅವಳು. ನಾನು ಬೂದಿಯ ಗೆರೆ ಎಳೆದೆ. ಗೆರೆ ಒಂದು ಕಡೆ ಸೊಟ್ಟಗಾಯಿತು.

ಉಳಿದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ನೊಣ ಕೂರಿಸಿಕೊಂಡು, ಮಗ್ಗಿ ಹೇಳಿಸಿಕೊಂಡು, ಪಾಸಾಗಿ ಎದ್ದರು. ಕೊನೆಗೆ ಉಳಿದದ್ದು ಬನಶಂಕರಿ. ಕೆರೆ ಅವತ್ತು ಮಿಂಚುಳ್ಳಿ ನೀಲಿಯಾಗಿತ್ತು, ಅಂಚಿನಲ್ಲಿ ನೊರೆ ಮೊಣಕಾಲೆತ್ತರ. ಜನ ಅಲ್ಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಹೊತ್ತು ಏರಿತು. ಮುರಿಗೆಪ್ಪ ಕೊಡೆ ಬಿಚ್ಚಿಕೊಂಡು ನನ್ನ ಪಕ್ಕ ಬಂದು, "ಸಾಕು ಎಬ್ಸಿ ಟೀಚರಮ್ಮನೋರೆ, ಮಗೀಗೆ ಬಿಸ್ಲು ಬಡೀತದೆ. ಬಣ್ಣದ ಮನೇಲಿ ಒಳ್ಳೆ ಜಾಗ ನೋಡಿ ಹಾಕ್ಕೊಡ್ತೀನಿ" ಎಂದರು. ಅವರು ಮನಸ್ಸಿನಿಂದಲೇ ಹೇಳಿದರು. ಅದೇ ನನಗೆ ಇನ್ನೂ ಸಂಕಟವಾಯಿತು.

ಆಗ ನೊರೆ ಅಲುಗಿತು.

ಮೊದಲು ಒಂದು ಮೂತಿ ಕಂಡಿತು, ಆಮೇಲೆ ನೊರೆ ಮೆತ್ತಿದ ಮೀಸೆ. ಯಾರೋ ನಾಯಿ ಅಂದರು. ನಾಯಿಯಲ್ಲ. ಕಡಲೆಕಾಯಿ ಬಿಡಿಸುತ್ತಿದ್ದ ಮುದುಕಿಯೊಬ್ಬಳು ಎದ್ದು ನಿಂತು, "ಅಯ್ಯೋ ನಮ್ಮಪ್ಪ, ನೀರುನಾಯಿ ಕಣ್ರೋ!" ಎಂದು ಕೂಗಿದಳು. ನೀರುನಾಯಿಯನ್ನು ನಮ್ಮೂರಲ್ಲಿ ಕಂಡವರು ಅವಳ ವಯಸ್ಸಿನವರೇ. ಅದರ ಮೈಮೇಲೆ ಅಲ್ಲಲ್ಲಿ ಕೂದಲು ಉದುರಿ ಚರ್ಮ ಕಾಣುತ್ತಿತ್ತು, ಉಳಿದ ಕೂದಲಿಗೆ ನೀಲಿ ಹತ್ತಿತ್ತು. ಹೊಟ್ಟೆ ಬೆನ್ನಿಗಂಟಿತ್ತು. ನಾಲ್ಕು ಹೆಜ್ಜೆ ಇಡುವುದು, ಕುಸಿಯುವುದು, ಮತ್ತೆ ಏಳುವುದು. ಅಡ್ಡ ನೋಡದೆ ನೇರ ಬನಶಂಕರಿಯ ಕಡೆಗೇ ಬಂತು. ಗೆರೆ ದಾಟಿ ಒಳಗೆ ಬಂದು ಅವಳ ಮಂಡಿಯ ಪಕ್ಕದಲ್ಲಿ ನೆಲಕ್ಕೆ ತಲೆಯಿಟ್ಟು ಮಲಗಿತು.

ಓಂಕಾರಮ್ಮ ನೀಲಿ ಕೈಗಳೆರಡನ್ನೂ ಬಾಯಿಗೆ ಒತ್ತಿಕೊಂಡಿದ್ದಳು.

"ಮಗ್ಗಿ!" ಎಂದೆ.

"ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಲ್ಕು..."

ಮಕ್ಕಳು ದಡದಡ ಓಡಿಸಿದರು. ಅವರಿಗೂ ಕಾಣುತ್ತಿತ್ತು, ಆ ಪ್ರಾಣಿಯ ಪಕ್ಕೆ ಏರುವುದು ಇಳಿಯುವುದು ನಿಧಾನವಾಗುತ್ತಿದ್ದುದು. ಅದು ಸಾಯುವುದರೊಳಗೆ ಮಗ್ಗಿ ಮುಗಿಸಿಬಿಟ್ಟರೆ ಗೆಳತಿ ಪಾಸು! ಪಾಪದವು, ಒಳ್ಳೆಯದಕ್ಕೇ ಅವಸರ ಮಾಡಿದವು. "ಹದಿನೇಳೈದ್ಲ ಎಂಬತ್ತೈದು, ಹದಿನೇಳಾರ್ಲ ನೂರ ಹನ್ನೆರಡು..."

"ತಪ್ಪು! ಮೊದ್ಲಿಂದ!"

ಹೇಳಿದವಳು ನಾನೇ. ಮೂವತ್ತು ವರ್ಷದ ಮೇಷ್ಟರಿಕೆ, ತಪ್ಪು ಕಿವಿಗೆ ಬಿದ್ದರೆ ಬಾಯಿ ತಾನಾಗಿ ಆಡಿಬಿಡುತ್ತದೆ. ನೂರೆರಡು ಎನ್ನಬೇಕಿದ್ದವಳು ಮುಂದಿನ ಸಾಲಿನಲ್ಲಿ ನಿಂತಿದ್ದ ವಾಣಿ. ಅವಳು ನಿಂತಲ್ಲೇ ಬಿಕ್ಕಿದಳು. ಓಂಕಾರಮ್ಮ ನನ್ನ ಕಡೆ ನೋಡಿದ ನೋಟಕ್ಕೆ ನಾನು ಸುಟ್ಟುಹೋಗಬೇಕಿತ್ತು. ಆದರೆ ಆಡಿದ ಮಾತು ಆಡಿಯಾಗಿತ್ತು. ಮಕ್ಕಳು ಮತ್ತೆ ಮೊದಲಿನಿಂದ ಹಿಡಿದರು, ಈ ಸಲ ನಿಧಾನವಾಗಿ, ಒಂದೊಂದೇ ಸಾಲನ್ನು ಕಾಲಿಟ್ಟು ನೋಡಿದಂತೆ.

ಬನಶಂಕರಿ ಅಲುಗದೆ ಕೂತಿದ್ದಳು. ಕಣ್ಣು ಮಾತ್ರ ಆ ಪ್ರಾಣಿಯ ಮೇಲೆ. ಅದು ಬಾಯಿ ತೆರೆದು ನೀಲಿ ಲೋಳೆಯನ್ನು ಕಕ್ಕಿತು. ಅವಳ ಕೈ ಮಂಡಿಯಿಂದ ಎದ್ದು, ಮತ್ತೆ ಮಂಡಿಗೆ ಹೋಯಿತು. "ಮುಟ್ಬೇಡ್ವೇ!" ಎಂದು ಓಂಕಾರಮ್ಮ ಚೀರಿದಳು. "ಇನ್ನೊಂಚೂರು ತಡ್ಕೊಳ್ಳೇ ನನ್ನವ್ವ!"

"ಹದಿನೇಳೆಂಟ್ಲ ನೂರ ಮೂವತ್ತಾರು."

ನಾನು ಗಂಟೆ ಎತ್ತಿ ಹಿಡಿದೆ. ಇನ್ನೆರಡೇ ಸಾಲು. ದೇವರೇ, ಎರಡು ಸಾಲು ಬದುಕಿಸು ಎಂದು ಬೇಡಿಕೊಂಡೆ. ಬೇಡಿಕೊಂಡದ್ದು ಹುಡುಗಿಯ ಪಾಸಿಗಾಗಿ.

"ಹದಿನೇಳೊಂಬತ್ಲ ನೂರ ಐವತ್ಮೂರು."

"ಹೇಳ್ಬೇಡ್ರೇ!" ಎಂದು ಕೂಗಿ ಬನಶಂಕರಿ ಎದ್ದು ನಿಂತಳು. "ಮುಂದಿನ್ದು ಯಾರೂ ಹೇಳ್ಬೇಡ್ರೇ, ನಿಮ್ ದಮ್ಮಯ್ಯ! ಟೀಚರ್, ಗಂಟೆ ಹೊಡೀಬೇಡಿ! ಹೊಡದ್ರೆ ಇದು ವಾಪಸ್ ಆ ನೀರಿಗೇ ಹೋಯ್ತದೆ!"

ಮಕ್ಕಳ ಬಾಯಿ ಅರ್ಧಕ್ಕೇ ನಿಂತಿತು. ನನ್ನ ಕೈಯೂ. ಅಷ್ಟು ಜನ ದೊಡ್ಡವರಿದ್ದೆವಲ್ಲ, ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಗಂಟೆಯಾದರೆ ಬಂದದ್ದು ಬಂದ ಕಡೆಗೇ ಹೋಗುತ್ತದೆ. ಇದು ಬಂದದ್ದು ಆ ಕೆರೆಯಿಂದ. ಅವಳು ಕುತ್ತಿಗೆಯ ವೇಲನ್ನು ಎಳೆದು ಪ್ರಾಣಿಯನ್ನು ಅದರಲ್ಲಿ ಸುತ್ತಿ ಎದೆಗೆತ್ತಿಕೊಂಡಳು. ಅದು ಕಚ್ಚಲೂ ಇಲ್ಲ, ಕಚ್ಚುವಷ್ಟು ತ್ರಾಣವಿದ್ದರೆ ತಾನೇ. ಅವಳು ಬೂದಿಯ ಗೆರೆ ತುಳಿದುಕೊಂಡು ಓಡಿದಳು.

"ಫೇಲಾದ್ಯಲ್ಲೇ ಪಾಪಿ!" ಎಂದು ಓಂಕಾರಮ್ಮ ಎದೆ ಬಡಿದುಕೊಂಡಳು.

ಎಲ್ಲಿಗೆ ಓಡಿದಳು ಅಂತ ಕೇಳುವ ಹಾಗೇ ಇರಲಿಲ್ಲ. ನಮ್ಮೂರಲ್ಲಿ ಕಲ್ಮಷವಿಲ್ಲದ ನೀರು ಇರುವುದು ಒಂದೇ ಕಡೆ. ಬಣ್ಣ ಒಪ್ಪವಾಗಿ ಕೂರಬೇಕಾದರೆ ನೀರು ಸಿಹಿಯಾಗಿರಬೇಕು. ಹಾಗಾಗಿ ಗುಡ್ಡದ ಕೊಳವೆಬಾವಿಯಿಂದ ಎಳೆದು ತುಂಬಿಸುವ ದೊಡ್ಡ ತೊಟ್ಟಿಯೊಂದು ಬಣ್ಣದ ಮನೆಯ ಒಳಗಿದೆ, ಮೆಟ್ಟಿಲುಗಳಿರುವ ತೊಟ್ಟಿ, ಅದಕ್ಕೆ ಬೀಗ. ಊರಿಗೆ ಊರೇ ಅವಳ ಹಿಂದೆ ಓಡಿತು. ನಾನು ಗಂಟೆಯ ನಾಲಗೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಓಡಿದೆ, ಓಟದಲ್ಲಿ ಎಲ್ಲಿ ಬಾರಿಸಿಬಿಡುತ್ತದೋ ಎಂದು. ಆಮೆ ಟೀಚರ್ ಓಡಿದ್ದನ್ನು ಊರು ಕಂಡದ್ದು ಅದೇ ಮೊದಲು.

ತೊಟ್ಟಿಯ ಬಾಗಿಲ ಮುಂದೆ ಬನಶಂಕರಿ ನಿಂತಿದ್ದಳು. ಬೀಗ ಹಾಕಿತ್ತು. ವೇಲಿನೊಳಗಿಂದ ಒಂದು ಕಾಲು ಜೋತುಬಿದ್ದಿತ್ತು. ನೀರು ಬಿಡುವವಳಾದ್ದರಿಂದ ಕೀಲಿಕೈ ಓಂಕಾರಮ್ಮನ ಸೊಂಟದಲ್ಲಿತ್ತು.

"ಅವ್ವ, ತೆಗಿ" ಎಂದಳು ಮಗಳು.

"ತೆಗ್ದೀಯ, ಜೋಕೆ!" ಮುರಿಗೆಪ್ಪ ಏದುಸಿರು ಬಿಡುತ್ತ ಬಂದರು. "ಓಂಕಾರಿ, ರೋಗದ ಪ್ರಾಣಿ ಅದು. ತೊಟ್ಟಿಗೆ ಬಿದ್ರೆ ಆ ನೀರ್ನಲ್ಲಿ ಬಣ್ಣ ಹಿಡೀತದಾ? ಮದ್ವೆ ಕಾಲ ಹತ್ರ ಬಂತು, ಬಾನಿಗಳೆಲ್ಲ ಕುದೀತಾ ಅವೆ. ನಾಳೆಯಿಂದ ಎಲ್ರ ಒಲೆ ಆರ್ತದೆ, ನಿನ್ ಒಲೇನೂ ಸೇರಿ!"

ಸುತ್ತ ನಿಂತ ಹೆಂಗಸರು ಹೌದು ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿದರು. ಅವರೆಲ್ಲ ಬಣ್ಣದ ಮನೆಯವರೇ. ಓಂಕಾರಮ್ಮ ಸಾಹುಕಾರರನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಮಗಳ ಕೈ ನೋಡಿದಳು. ನೀರುನಾಯಿಯ ಮೈಯಿಂದ ಸೋರಿದ ಬಣ್ಣ ಹುಡುಗಿಯ ಬೆರಳಿಗೆ, ಅಂಗೈಗೆ, ಮಣಿಕಟ್ಟಿಗೆ ಹತ್ತಿತ್ತು. ಬೆಳ್ಳಗಿರಬೇಕಿದ್ದ ಕೈ.

"ನನ್ ಹೊಟ್ಟೆ ಉರ್ಸಕ್ಕೇ ಹುಟ್ಟಿದೀಯ ನೀನು" ಎಂದು ಬೈಯುತ್ತಲೇ ಕೀಲಿ ತಿರುಗಿಸಿದಳು. "ಸಾಯಿ ಹೋಗು, ಇಳಿ ಒಳಿಕ್ಕೆ."

ಬನಶಂಕರಿ ಸೊಂಟದವರೆಗೆ ನೀರಿಗಿಳಿದು ಪ್ರಾಣಿಯನ್ನು ತೋಳಿನ ಮೇಲೆ ತೇಲಿಸಿ ಹಿಡಿದಳು. ನೀಲಿ ಹೊಗೆಯಂತೆ ಬಿಟ್ಟಿತು. ಬಹಳ ಹೊತ್ತು ಏನೂ ಆಗಲಿಲ್ಲ. ಸತ್ತಿತು ಅಂತ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಅಷ್ಟರಲ್ಲಿ ಅದರ ಮೀಸೆ ಅಲುಗಿತು. ನಾಲಗೆ ಹೊರಗೆ ಬಂದು ನೀರು ನೆಕ್ಕಿತು, ಒಮ್ಮೆ, ಇನ್ನೊಮ್ಮೆ, ಆಮೇಲೆ ಬಿಡುವಿಲ್ಲದೆ. ವಾಣಿ ಕೈ ತಟ್ಟಿ ಕುಣಿದಳು. ನನಗೆ ಅಳು ಬಂತು, ತಡೆಯಲಿಲ್ಲ.

ಮುರಿಗೆಪ್ಪ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ತಲೆಯೆತ್ತಿ, ತಗ್ಗಿದ ದನಿಯಲ್ಲಿ ನನ್ನನ್ನು ಕರೆದರು.

"ಟೀಚರಮ್ಮನೋರೆ, ಬದುಕ್ತಲ್ಲ, ಸಂತೋಷ. ಈಗ ಮಕ್ಳ ಕೈಲಿ ಆ ಒಂದು ಸಾಲು ಹೇಳ್ಸಿ, ಗಂಟೆ ಹೊಡೀರಿ. ಅದು ಅದ್ರ ದಾರಿ ಹಿಡೀತದೆ, ನನ್ ತೊಟ್ಟಿ ಖಾಲಿಯಾಗ್ತದೆ. ಎದ್ದಿದ್ದು, ಮುಟ್ಟಿದ್ದು ನಾನು ಲೆಕ್ಕಕ್ಕೆ ತಗೊಳ್ಳಲ್ಲ. ಅಧ್ಯಕ್ಷ ನಾನು ಹೇಳ್ತಿದೀನಿ. ಹುಡುಗಿ ಪಾಸು. ಮಾಮೂಲಿ ಪಾಸಲ್ಲ, ನೀರುನಾಯಿ ಪಾಸು!"

ಓಂಕಾರಮ್ಮ ಧಡಕ್ಕನೆ ನನ್ನ ಕಾಲಿಗೆ ಬಿದ್ದಳು. "ಹೊಡೀರಿ ಟೀಚರಮ್ಮ. ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ಸಾಲು ಕಣ್ರೀ. ನನ್ ಮಗ್ಳು ಬಸ್ ಹತ್ತಲಿ."

ನಾನೇನು ಕಲ್ಲೇ? ಆ ಹುಡುಗಿ ಬಸ್ಸು ಹತ್ತುವುದನ್ನು ಓಂಕಾರಮ್ಮನಷ್ಟೇ ನಾನೂ ಬಯಸಿದ್ದೆ. ಮುಷ್ಟಿಯೊಳಗೆ ಗಂಟೆಯ ನಾಲಗೆ ಬೆವರಿನಲ್ಲಿ ಜಾರುತ್ತಿತ್ತು. ಬಿಟ್ಟರೆ ಸಾಕು. ಅವಳು ಪಾಸು, ಎಲ್ಲರ ಒಲೆ ಉರಿಯುತ್ತದೆ, ನನ್ನ ಕೆಲಸ ಉಳಿಯುತ್ತದೆ. ಈ ಜೀವ ತಡವರಿಸಿಕೊಂಡು ಹೋಗಿ ಆ ನೊರೆಯೊಳಗೆ ಇಳಿಯುತ್ತದೆ, ಮುಂದಿನ ವರ್ಷ ನೊಣಗಳು ಬರುತ್ತವೆ. ನಾನು ಬನಶಂಕರಿಯನ್ನೇ ಕೇಳಿದೆ. "ನೀನು ಹೇಳು ಮಗ. ಹೊಡೀಲಾ?"

"ಬೇಡ ಟೀಚರ್."

"ಹೊಡೀದಿದ್ರೆ ನಿನ್ನ ಪರೀಕ್ಷೆ ಮುಗಿಯಲ್ಲ ಕಣಮ್ಮ. ಹೈಸ್ಕೂಲ್ ಬಾಗಿಲು ಹಾಕ್ಬಿಡ್ತಾರೆ."

ಅವಳು ಅವ್ವನ ಕಡೆ ನೋಡಿದಳು. "ಇದು ಅಷ್ಟು ದೂರ ಸಾಯ್ತಾ ಸಾಯ್ತಾ ಬಂತಲ್ಲವ್ವ" ಎಂದಳು. "ನನ್ನ ಪಾಸ್ ಮಾಡಕ್ಕಾ?"

ಓಂಕಾರಮ್ಮ ನನ್ನ ಕಾಲು ಬಿಟ್ಟು ಎದ್ದಳು. ನಾನು ಸೆರಗಿನ ಅಂಚನ್ನು ಹರಿದು ಗಂಟೆಯ ನಾಲಗೆಗೆ ಸುತ್ತಿ ಬಿಗಿದು ಕಟ್ಟಿದೆ. "ಕೆರೆ ನೀರು ಅದು ಕುಡಿಯೋ ಹಾಗಾಗ್ಲಿ ಮುರಿಗೆಪ್ಪನೋರೆ, ಅವತ್ತು ಹೊಡೀತೀನಿ. ಅಲ್ಲೀತಂಕ ಪರೀಕ್ಷೆ ನಡೀತಿದೆ ಅಂತ ತಿಳ್ಕೊಳ್ಳಿ."

ಆಮೇಲೆ ನಡೆದದ್ದು ಸುಖವಾದ ಕತೆಯಲ್ಲ. ಗಂಟೆಯಾಗದೆ ನೀರುನಾಯಿ ತೊಟ್ಟಿ ಬಿಡದು, ಅದಿರುವ ನೀರಲ್ಲಿ ಬಣ್ಣ ಹಿಡಿಯದು, ಬಾನಿಗಳು ಆರಿದವು. ಕೂಲಿ ನಿಂತಿತು. ನನ್ನ ಮನೆಯ ಬಾಗಿಲಿಗೆ ಸೆಗಣಿ ಬಿತ್ತು. ಒಂದು ಮಧ್ಯಾಹ್ನ ನಾಲ್ಕೈದು ಹೆಂಗಸರು ನನ್ನ ಜುಟ್ಟು ಹಿಡಿದು ಗಂಟೆ ಕಸಿಯಲು ನೋಡಿದರು. ಬಿಡಿಸಿದವಳು ಓಂಕಾರಮ್ಮ. ನನ್ನ ಮೇಲಿನ ಪ್ರೀತಿಗಲ್ಲ. "ಗಂಟೆ ಕಿತ್ಕೊಂಡು ಹೊಡದ್ರೆ ನನ್ ಮಗ್ಳು ಮಾಡಿದ್ದೆಲ್ಲ ನೀರಲ್ಲಿ ಹೋಮ" ಎಂದು ಅವರನ್ನು ತಳ್ಳಿ, ಅದೇ ಸಿಟ್ಟಿನಲ್ಲಿ ಮನೆಯಿಂದ ಗುದ್ದಲಿ ತಂದು ಕೆರೆಗೆ ಬಣ್ಣದ ನೀರು ಬಿಡುವ ಕೊಳವೆಯ ಬಾಯಿಗೆ ಮಣ್ಣು ತುಂಬತೊಡಗಿದಳು. ಒಬ್ಬಳೇ, ಬೈಯುತ್ತಾ, ಯಾರನ್ನೂ ಕರೆಯದೆ. ಸಂಜೆಯವರೆಗೆ ನೋಡುತ್ತಾ ನಿಂತಿದ್ದ ಹೆಂಗಸರು ಮಾರನೆಯ ದಿನ ಮಂಕರಿ ತಂದರು. ಗಂಟೆ ಆಗದೆ ಕೂಲಿ ಇಲ್ಲ, ಕೆರೆ ತಿಳಿಯಾಗದೆ ಗಂಟೆ ಇಲ್ಲ, ಅವರು ತಾನೇ ಏನು ಮಾಡಿಯಾರು? ಶಾಲೆಯ ಮಕ್ಕಳು ಬಣ್ಣದ ಕೆಸರು ಹೊತ್ತರು. ಮುರಿಗೆಪ್ಪ ಎಷ್ಟೋ ದಿನ ಮನೆಯಿಂದ ಹೊರಗೆ ಬರಲಿಲ್ಲ. ಆಮೇಲೊಂದು ದಿನ ಬಂದು, ಬಾನಿಯ ನೀರನ್ನು ಸೋಸಿ ಹಿಂಗಿಸುವ ಗುಂಡಿಗೆ ಜಾಗ ತೋರಿಸಿ ಹೋದರು.

ಹೈಸ್ಕೂಲು ಶುರುವಾಯಿತು. ವಾಣಿ ಬಸ್ಸು ಹತ್ತಿದಳು, ಬನಶಂಕರಿ ಹತ್ತಲಿಲ್ಲ. ಅವಳು ತೊಟ್ಟಿಯ ಮೆಟ್ಟಿಲ ಮೇಲೆ ಕೂರುತ್ತಾಳೆ, ನೀರುನಾಯಿ ಅವಳ ಪಕ್ಕ ಇರುತ್ತದೆ. ಕೂದಲು ಮತ್ತೆ ಹುಟ್ಟಿದೆ ಅದಕ್ಕೆ. ಶಾಲೆ ಬಿಟ್ಟ ಮೇಲೆ ನಾನು ಹೋಗಿ ಎಂಟನೇ ಕ್ಲಾಸಿನ ಪಾಠ ಹೇಳುತ್ತೇನೆ. ನನಗೆ ಗೊತ್ತಿಲ್ಲದ್ದೇ ಅದರಲ್ಲಿ ಹೆಚ್ಚು, ಇಬ್ಬರೂ ಓದುತ್ತೇವೆ. ನನ್ನ ಕ್ಲಾಸಿನಲ್ಲಿ 'ನೀರಿನ ಉಪಯೋಗಗಳು' ಎನ್ನುವ ಪಾಠವನ್ನು ನಿಲ್ಲಿಸಿದ್ದೇನೆ, ಆ ಹೊತ್ತಿಗೆ ಮಕ್ಕಳು ಕೆರೆಗೆ ಹೋಗುತ್ತಾರೆ. ಹದಿನೇಳರ ಮಗ್ಗಿಯನ್ನು ನೂರ ಐವತ್ಮೂರಕ್ಕೆ ನಿಲ್ಲಿಸುತ್ತಾರೆ. ಮುಂದಿನದು ಎಲ್ಲರಿಗೂ ಗೊತ್ತು, ಒಂದನೇ ಕ್ಲಾಸಿನ ಚಿಳ್ಳೆಗಳೂ ಬಾಯಿ ಬಿಡುವುದಿಲ್ಲ.

ದಿನಾ ಇಳಿಹೊತ್ತಿಗೆ ಓಂಕಾರಮ್ಮ ಕೆರೆಗಿಳಿಯುತ್ತಾಳೆ. ನೀಲಿ ಬೊಗಸೆಯಲ್ಲಿ ನೀರೆತ್ತಿ ಮೂಸಿ ನೋಡುತ್ತಾಳೆ. ಬಾಯಿಗೆ ಒಂದು ಹನಿ ಹಾಕಿಕೊಂಡು ಥೂ ಎಂದು ಉಗಿಯುತ್ತಾಳೆ. ಆಮೇಲೆ ತೊಟ್ಟಿಯ ಬಳಿ ಬಂದು, ಪುಸ್ತಕ ಹಿಡಿದು ಕೂತ ಮಗಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗುತ್ತಾಳೆ.

"ಇವತ್ತೂ ಹೊಡೀಬೇಡಿ ಟೀಚರಮ್ಮ" ಎನ್ನುತ್ತಾಳೆ.